ಖಟಕಾದ ಪಕ್ಕ ಕುಳಿತವರು

ಇಚಲಕರಂಜಿಯಲ್ಲಿ ಕರೆಂಟು ಹೋಯಿತೋ ಬಂತೋ ಎಂದು ತಿಳಿಯಲು ದೀಪ ನೋಡಬೇಕಿರಲಿಲ್ಲ, ಕಿವಿ ಇದ್ದರೆ ಸಾಕಿತ್ತು. ಬೆಳಗಿನಿಂದ ಖಟಾಖಟ್ ಎನ್ನುತ್ತಿದ್ದ ನಮ್ಮ ಗಲ್ಲಿ ಒಮ್ಮೆಗೇ ಬಾಯಿ ಮುಚ್ಚಿದರೆ ಕರೆಂಟು ಹೋಯಿತು, ಮತ್ತೆ ಬಾಯಿ ತೆರೆದರೆ ಬಂತು. ಹೋದಾಗ ಮಗ್ಗದವರೆಲ್ಲ ಚಹಾದ ಅಂಗಡಿಗೋ ಬೇವಿನ ನೆರಳಿಗೋ ಹೊರಡುತ್ತಿದ್ದರು. ಹೊರಡುವಾಗ ಮಗ್ಗಗಳ ಖಟಕಾ, ಅಂದರೆ ಸ್ವಿಚ್ಚು, ಬಂದ್ ಮಾಡುತ್ತಿದ್ದರು. ಆದರೆ ಒಂದೇ ಒಂದು ಮಗ್ಗದ್ದು ಮಾತ್ರ ಚಾಲೂ ಇಟ್ಟು ಹೋಗುತ್ತಿದ್ದರು. ಕರೆಂಟು ಬಂದ ಕೂಡಲೇ ಆ ಮಗ್ಗ ತಾನಾಗಿಯೇ ಬಡಿಯಲು ಶುರುಮಾಡಿ ಚಹಾ ಕುಡಿಯುವವರನ್ನು ಕೂಗಿ ಕರೆಯುತ್ತಿತ್ತು. ಪ್ರತಿ ಕಾರಖಾನೆಯಲ್ಲೂ ಹೀಗೆ ಕೂಗುವ ಮಗ್ಗ ಒಂದಿರುತ್ತಿತ್ತು. ಭಾರೀ ಬುದ್ಧಿವಂತಿಕೆ ಎಂದು ಎಲ್ಲರೂ ತಿಳಿದಿದ್ದರು. ಆ ಬುದ್ಧಿವಂತಿಕೆಯೇ ನನ್ನ ಅಪ್ಪನ ಜೀವ ತೆಗೆಯಿತು.

ನಾವು ರಬಕವಿ ಕಡೆಯಿಂದ ಬಂದ ನೇಕಾರರು. ಅಪ್ಪ ಮತ್ತು ಅವನ ತಮ್ಮ, ನನ್ನ ಕಾಕಾ, ಒಂದೇ ಶೆಡ್ಡಿನಲ್ಲಿ ಕೆಲವು ಮಗ್ಗ ನಡೆಸುತ್ತಿದ್ದರು. ಅದು ಎಪ್ಪತ್ತರ ದಶಕ, ನಾನಿನ್ನೂ ಶಾಲೆಗೆ ಹೋಗುವ ಹುಡುಗಿ. ಒಂದು ಮಧ್ಯಾಹ್ನ ಕರೆಂಟು ಹೋಗಿದ್ದಾಗ ಅಪ್ಪ ಆ ಕೂಗುವ ಮಗ್ಗದೊಳಗೇ ಕೈ ಹಾಕಿ ಏನೋ ಸರಿ ಮಾಡುತ್ತಿದ್ದ. ಕರೆಂಟು ಬಂತು. ಖಟಕಾ ಚಾಲೂ ಇತ್ತು. ಅದನ್ನು ಬಂದ್ ಮಾಡಬೇಕಾದವನು ಪಕ್ಕದಲ್ಲೇ ನಿಂತಿದ್ದ ಕಾಕಾ.

ಅಪ್ಪನನ್ನು ಕೊಲ್ಹಾಪುರದ ದವಾಖಾನೆಗೆ ಒಯ್ದರು. ಡಾಕ್ಟರರು ಮಾಡುವಷ್ಟು ಮಾಡಿದರು, ಆದರೆ ಜಜ್ಜಿಹೋದ ಕೈಯ ನಂಜು ಮೈಗೆಲ್ಲ ಏರಿತ್ತು. ಅಲ್ಲಿ ಒಬ್ಬ ನರ್ಸಬಾಯಿ ಇದ್ದಳು, ಗಡಹಿಂಗ್ಲಜ್ ಕಡೆಯವಳು, ಕ್ರೈಸ್ತಳು, ನಮ್ಮ ಹಾಗೆಯೇ ಕನ್ನಡ ಮಾತಾಡುವವಳು. ಅವಳು ಅಪ್ಪನ ಹಾಸಿಗೆಯ ಪಕ್ಕ ಅವ್ವನ ಕೈ ಹಿಡಿದುಕೊಂಡು ಪ್ರಾರ್ಥನೆ ಮಾಡುತ್ತಿದ್ದಳು. ಅಪ್ಪ ಉಳಿಯಲಿಲ್ಲ. ಪ್ರಾರ್ಥನೆ ಮಾಡಿಯೂ ಸತ್ತನಲ್ಲ, ಮತ್ತೆ ಅದೇ ದೇವರ ಹತ್ತಿರ ಅವ್ವ ಯಾಕೆ ಹೋದಳು? ಈ ಪ್ರಶ್ನೆ ಅಂದೂ ನನಗೆ ಬಗೆಹರಿಯಲಿಲ್ಲ, ಇಂದೂ ಹರಿದಿಲ್ಲ. ಎಷ್ಟೋ ವರ್ಷಗಳ ಮೇಲೆ ಕೇಳಿದಾಗ ಅವ್ವ ಹೇಳಿದ್ದು ಇಷ್ಟೇ: "ಆ ಹೊತ್ತಿನ್ಯಾಗ ಎಲ್ಲಾರೂ ನನಗ ಧೈರ್ಯ ಹೇಳಾಕತ್ತಿದ್ರು. ಆಕಿ ಒಬ್ಬಾಕಿ ನನ್ನ ಜೋಡಿ ಅತ್ಲು."

ಅಪ್ಪನನ್ನು ಮನೆಗೆ ತಂದ ದಿನ ಕಾಕಾ ಅಂಗಳದ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಅವ್ವ ಒಲೆಯೊಳಗಿನ ಬೂದಿ ಬೊಗಸೆಯಲ್ಲಿ ತಂದು ಅವನ ಮೇಲೆ ತೂರಿ, "ನಿನ್ನ ಕೈ ಸೇದಿ ಹೋಗ್ಲೋ! ಇನ್ನ ಮ್ಯಾಲ ಆ ಕೈಲೆ ಒಂದು ದೀಪಾನೂ ಹಚ್ಚಬ್ಯಾಡ!" ಎಂದು ಕೂಗಿದಳು. ಕಾಕಾ ಬೂದಿಯನ್ನು ಒರೆಸಿಕೊಳ್ಳಲೂ ಇಲ್ಲ. ಒಂದೆರಡು ವಾರದಲ್ಲಿ ಹೆಂಡತಿಯನ್ನು, ಅಂದರೆ ನನ್ನ ಚಿಗವ್ವನನ್ನು, ಕರೆದುಕೊಂಡು ಗಡಹಿಂಗ್ಲಜಿಗೆ ಹೋಗಿಬಿಟ್ಟ. ಅಲ್ಲಿ ಮೆಣಸಿನಕಾಯಿ ವ್ಯಾಪಾರಿಗಳ ಬಳಿ ಚೀಲ ಹೊರುತ್ತಾನೆ ಎಂದು ಸುದ್ದಿ ಬಂತು. ಹೊರಲಿ ಎಂದುಕೊಂಡೆ ನಾನು.

ಮಗ್ಗಗಳನ್ನು ಬೇರೆಯವರಿಗೆ ಕೊಟ್ಟು ಅವ್ವ ಕೆಚ್ಚುವ ಕೆಲಸಕ್ಕೆ ನಿಂತಳು. ಮಗ್ಗದ ಹಿಂದಿನ ಉರುಳೆಯ, ಅಂದರೆ ಬೀಮಿನ, ನೂಲು ಮುಗಿದಾಗ ಹೊಸ ಬೀಮು ಏರಿಸಿ, ಹಳೆಯ ಒಂದೊಂದು ಎಳೆಗೂ ಹೊಸ ಒಂದೊಂದು ಎಳೆಯನ್ನು ಕೂಡಿಸುವುದೇ ಕೆಚ್ಚುವುದು. ಗಂಟು ಹಾಕುವಂತಿಲ್ಲ, ಗಂಟು ಮಗ್ಗದ ಹಣಿಗೆಯ ಹಲ್ಲಿನಲ್ಲಿ ಸಿಕ್ಕಿ ಹರಿಯುತ್ತದೆ. ಬೆರಳಿಗೆ ಬೂದಿ ಹಚ್ಚಿಕೊಂಡು ಎರಡು ತುದಿಗಳನ್ನು ಒಂದಾಗುವಂತೆ ಹೊಸೆಯಬೇಕು. ಸಾವಿರಾರು ಎಳೆ, ಇಡೀ ದಿನದ ಕೆಲಸ, ಅಷ್ಟು ಹೊತ್ತೂ ಎರಡು ಕೈ ಮಗ್ಗದೊಳಗೆ. ಹಾಗಾಗಿ ಅವ್ವ ಎಲ್ಲಿ ಕೆಚ್ಚಲು ಹೋದರೂ ನನ್ನನ್ನು ಕರೆದೊಯ್ದು ಬಂದ್ ಮಾಡಿದ ಖಟಕಾದ ಪಕ್ಕ ಕೂಡಿಸುತ್ತಿದ್ದಳು. "ಇಲ್ಲಿಂದ ಏಳಬ್ಯಾಡ. ಮಾಲಕ ಬಂದ್ರೂ ಮುಟ್ಟಾಕ ಬಿಡಬ್ಯಾಡ," ಅನ್ನುತ್ತಿದ್ದಳು. ನನಗೆ ಶಾಲೆ ಇದ್ದ ದಿನ ಕೆಲಸವೇ ಬೇಡ ಅಂದಳೇ ಹೊರತು ಬೇರೆ ಯಾರನ್ನೂ ಅಲ್ಲಿ ಕೂಡಿಸಲಿಲ್ಲ. ಮಗ್ಗದವರು ನಗುತ್ತಿದ್ದರು. ನಾನು ದೊಡ್ಡವಳಾಗಿ ಕಾಲೇಜು ಸೇರಿದ ಮೇಲೂ ರಜೆಯ ದಿನ ಪುಸ್ತಕ ಹಿಡಿದು ಖಟಕಾ ಕಾಯುವುದು ತಪ್ಪಲಿಲ್ಲ.

ಈ ನಡುವೆ ಅವ್ವ ಚರ್ಚಿಗೆ ಹೋಗತೊಡಗಿದ್ದಳು, ಆಮೇಲೆ ನನ್ನನ್ನೂ ಕರೆದುಕೊಂಡು ದೀಕ್ಷಾಸ್ನಾನ ತಗೊಂಡಳು. ಬಳಗದವರು ಬೈದರು, ಬೈದು ಸುಮ್ಮನಾದರು. ಚರ್ಚೆಂದರೆ ತಗಡಿನ ಮಾಡಿನ ಒಂದು ಕೋಣೆ. ಎಲ್ಲವೂ ಮರಾಠಿಯಲ್ಲಿ. ಅವ್ವನಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಕಣ್ಣು ಮುಚ್ಚಿ ತಾನೇ ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದಳು. ಎಲ್ಲರೂ ಕೂಡಿ ಹೇಳುವ ಪ್ರಾರ್ಥನೆಯಲ್ಲಿ ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎಂಬ ಮಾತು ಬರುವಲ್ಲಿಗೆ ಮಾತ್ರ ಅವ್ವನ ತುಟಿ ನಿಂತುಬಿಡುತ್ತಿತ್ತು. ಅದು ದಾಟಿದ ಮೇಲೆ ಮತ್ತೆ ಶುರು. ಪಕ್ಕದಲ್ಲಿ ನಿಂತವಳು ನಾನಾದ್ದರಿಂದ ನನಗೆ ಗೊತ್ತು.

ತಿಂಗಳಿಗೊಮ್ಮೆ ಪ್ರಭು ಭೋಜನ, ಅಂದರೆ ಪ್ರಭುವಿನ ನೆನಪಿಗೆ ಎಲ್ಲರೂ ಒಂದೇ ರೊಟ್ಟಿ ಹಂಚಿ ತಿನ್ನುವುದು, ಇರುತ್ತಿತ್ತು. ರೊಟ್ಟಿಯ ಚೂರುಗಳಿದ್ದ ತಟ್ಟೆ ಸಾಲಿನಲ್ಲಿ ಕೈಯಿಂದ ಕೈಗೆ ಬರುತ್ತಿತ್ತು. ಯಾರ ಜೊತೆಗಾದರೂ ಮನಸ್ತಾಪವಿದ್ದವರು ಮೊದಲು ಹೋಗಿ ಸರಿಮಾಡಿಕೊಂಡು ಬರಬೇಕು ಎಂದು ಪಾದ್ರಿ ಹೇಳಿದ್ದರು. ಉಳಿದವರು ಆ ಮಾತು ಕೇಳಿ, ತಲೆಯಾಡಿಸಿ, ರೊಟ್ಟಿ ತಿಂದರು. ಅವ್ವ ತಿನ್ನಲಿಲ್ಲ. ತಟ್ಟೆ ಇಸಿದುಕೊಂಡು ನನ್ನ ಕೈಗೆ ದಾಟಿಸಿದಳು. ಮುಂದಿನ ತಿಂಗಳೂ ಅಷ್ಟೆ, ಮುಂದಿನ ವರ್ಷವೂ ಅಷ್ಟೆ. ಈಕೆ ಏನೋ ಭಾರೀ ಪಾಪ ಮಾಡಿರಬೇಕು ಎಂದು ಹೆಂಗಸರು ಗುಸುಗುಸು ಅಂದರು. ನನಗೆ ಮೈ ಉರಿಯುತ್ತಿತ್ತು. ಗಂಡನನ್ನು ಕಳೆದುಕೊಂಡವಳು ಉಪವಾಸ, ಅವನ ಜೀವ ತೆಗೆದವನು ಎಲ್ಲೋ ಆರಾಮ! ಇದು ಯಾವ ನ್ಯಾಯ?

ಒಂದು ಸಲ ಪಾದ್ರಿಯವರೇ ಮನೆಗೆ ಬಂದರು. "ಬಾಯಿ, ತುಮಚಾ ಕಾಹೀ ದೋಷ ನಾಹೀ," ಅಂದರೆ, ಅಮ್ಮಾ, ನಿಮ್ಮದೇನೂ ತಪ್ಪಿಲ್ಲವಲ್ಲ, ರೊಟ್ಟಿ ತಗೊಳ್ಳಿ, ಎಂದರು.

"ತಪ್ಪು ನಂದಲ್ರೀ," ಅಂದಳು ಅವ್ವ, "ಸಿಟ್ಟು ನಂದು. ಅಂವನ ಹೆಸರು ನೆನಪಾದ್ರ ಇನ್ನೂ ಹೊಟ್ಟಿ ಉರೀತೈತಿ. ಉರಿಯೋ ಹೊಟ್ಟಿಗಿ ಅದನ್ನ ಹ್ಯಾಂಗ ಹಾಕಲಿ?"

ಪಾದ್ರಿಯವರು ಚಹಾ ಕುಡಿದು, ಪ್ರಾರ್ಥನೆ ಮಾಡಿ, ಹೋದರು. ನಾನು ರೇಗಿದೆ. ಕ್ಷಮಿಸುವುದಿದ್ದರೆ ಕ್ಷಮಿಸು, ಇಲ್ಲವಾದರೆ ಆ ಚರ್ಚನ್ನೇ ಬಿಡು, ಹೀಗೆ ನಡುವೆ ನಿಂತು ಒಣಗುವುದು ಯಾಕೆ ಎಂದೆ. ಅವ್ವ ಗೋಧಿ ಹಸನು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ. "ಬಿಟ್ರ ಎಲ್ಲಿಗಿ ಹೋಗ್ಲಿ? ಅಲ್ಲೇ ಒಂದಿನಾ ಆದೀತು ಅಂತ ಕುಂತೇನಿ," ಅಂದಳು. ಆ ಉತ್ತರ ನನಗೆ ಒಂಚೂರೂ ತಿಳಿಯಲಿಲ್ಲ, ಆದರೆ ಮರೆಯಲೂ ಆಗಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಆ ನರ್ಸಬಾಯಿ ತನ್ನ ಗಡಹಿಂಗ್ಲಜ್ ಕಡೆಯ ಊರಿಗೆ ಹೋಗಿ ಬಂದು ಒಂದು ಸುದ್ದಿ ತಂದಳು. ಸಂತೆಯಲ್ಲಿ ಚಿಗವ್ವ ಸಿಕ್ಕಿದ್ದಳಂತೆ. ಕಾಕಾನ ಮನೆಗೆ ಕರೆಂಟು ಬಂದು ವರ್ಷಗಳಾದವಂತೆ, ಆದರೆ ಅವನು ಒಂದು ದಿನವೂ ಖಟಕಾ ಮುಟ್ಟಿಲ್ಲವಂತೆ. ಹೆಂಡತಿ ಬರುವುದು ತಡವಾದರೆ ಸಂಜೆ ಕತ್ತಲಲ್ಲೇ ಕುಳಿತಿರುತ್ತಾನಂತೆ.

ಅವ್ವನಿಗೆ ಬೂದಿ ತೂರಿದ ದಿನ ತಾನು ಆಡಿದ ಮಾತು ನೆನಪಾಗಿತ್ತು, ಮುಖ ನೋಡಿಯೇ ನನಗದು ಗೊತ್ತಾಯಿತು. ಆಮೇಲೆ, "ಗಡಹಿಂಗ್ಲಜಿಗೆ ಗಾಡಿ ಎಷ್ಟೊತ್ತಿಗೈತಿ?" ಎಂದು ಕೇಳಿದಳು.

ಕೊಲ್ಹಾಪುರಕ್ಕೆ ಹೋಗಿ ನರ್ಸಬಾಯಿಯನ್ನು ಜೊತೆಗೆ ಹತ್ತಿಸಿಕೊಂಡು, ನಿಪ್ಪಾಣಿ ಸಂಕೇಶ್ವರ ದಾಟಿ ಎಸ್‌.ಟಿ. ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವ್ವ ಸೆರಗಿನ ತುದಿಯನ್ನು ಎಳೆ ಕೆಚ್ಚುವ ಹಾಗೆ ಹೊಸೆಯುತ್ತಲೇ ಇದ್ದಳು. ಹೋಗಿ ಏನು ಹೇಳುತ್ತೀ ಎಂದರೆ, "ಗೊತ್ತಿಲ್ಲ," ಅಂದಳು. ನನಗೂ ನಾನು ಯಾಕೆ ಹೊರಟಿದ್ದೇನೆಂದು ಗೊತ್ತಿರಲಿಲ್ಲ. ಅವ್ವನಿಗೆ ಬೆಂಬಲಕ್ಕೋ, ಕಾಕಾನ ಸೋತ ಮುಖ ನೋಡುವ ಆಸೆಗೋ.

ಗಡಹಿಂಗ್ಲಜಿನ ಆ ಮನೆಯಲ್ಲಿ ಮೆಣಸಿನಕಾಯಿ ಘಾಟಿಗೆ ನಾವು ಮೂವರೂ ಕೆಮ್ಮುತ್ತಲೇ ಒಳಗೆ ಹೋದೆವು. ಕಾಕಾ ಮುದುಕನಾಗಿಬಿಟ್ಟಿದ್ದ. "ವೈನೀ," ಎಂದು ಅತ್ತಿಗೆಯನ್ನು ಕರೆಯುತ್ತ ಎದ್ದು ನಿಂತವನು ಕುಳಿತುಕೊಳ್ಳಿ ಎನ್ನುವುದನ್ನೂ ಮರೆತ.

"ನಾ ಅಂದಿದ್ದ ಮಾತು ವಾಪಸ್ ತಗೊಳ್ಳಾಕ ಬಂದೇನಿ," ಅಂದಳು ಅವ್ವ ನಿಂತಲ್ಲೇ. "ನಿನ್ನ ಕೈಲೆ ತಪ್ಪಾತು. ನಾ ಮಾಫ್ ಮಾಡೇನಿ."

ಕಾಕಾ ಕಣ್ಣು ಒರೆಸಿಕೊಂಡ. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಒಳಗಿನಿಂದ ಚಿಗವ್ವ ನೀರಿನ ತಂಬಿಗೆ ಹಿಡಿದು ಬಂದಳು, ಬಂದವಳು ತಂಬಿಗೆಯನ್ನು ಕುಕ್ಕಿಟ್ಟಳು.

"ಯಾರ ತಪ್ಪು, ಯಾರಿಗಿ ಮಾಫಿ? ಅವತ್ತ ನಾ ಊಟ ಕೊಡಾಕ ಬಂದಿದ್ನಿ. ಇವ್ರು ಖಟಕಾ ಬಂದ್ ಮಾಡಾಕ ಹ್ವಾದ್ರು. 'ಬಿಡೋ, ಚಾಲೂ ಇರ್ಲಿ, ಎರಡ ಮಿನಿಟಿನ ಕೆಲಸ' ಅಂತ ಭಾವನಽ ಅಂದ್ರು. ಈ ಕಿವೀಲೆ ಕೇಳೇನಿ. ಸತ್ತವರ ಹೆಸರು ಕೆಡಬಾರ್ದು ಅಂತ ಇವ್ರು ಇಷ್ಟು ವರ್ಷ ಬಾಯಿ ಹೊಲಕೊಂಡು ಕುಂತಾರ!"

"ಸುಮ್ನಿರು!" ಎಂದು ಕಾಕಾ ಗದರಿದ. ಅವನು ಗದರಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಆಕಿ ಸುಳ್ಳ ಹೇಳ್ತಾಳ್ರೀ ವೈನೀ. ಅಣ್ಣ ಬಂದ್ ಮಾಡು ಅಂದಿದ್ದ. ನಾನಽ ಮರ್ತೆ."

ನರ್ಸಬಾಯಿ ನೆಲ ನೋಡುತ್ತಿದ್ದಳು. ಅವ್ವ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದಳು. ಚಿಗವ್ವ ಗಂಡನನ್ನು ಉಳಿಸಲು ಸುಳ್ಳು ಹೇಳಿದಳೋ, ಕಾಕಾ ಅಣ್ಣನನ್ನು ಉಳಿಸಲು ಸುಳ್ಳು ಹೇಳಿದನೋ? ಅಪ್ಪ ಅಂಥ ಅವಸರದ ಮನುಷ್ಯನೇ, ಹಾಗೆ ಅಂದಿದ್ದರೂ ಅಂದಿರಬಹುದು. ಕಾಕಾ ಅಂಥ ಮರೆವಿನವನೇ, ಮರೆತಿದ್ದರೂ ಮರೆತಿರಬಹುದು. ಅಪ್ಪನ ಮೇಲೆಯೇ ಸಿಟ್ಟಾಗಬೇಕಿತ್ತೇ ಇಷ್ಟು ವರ್ಷ? ಹಾಗಾದರೆ ಅವ್ವ ಈಗ ಕೊಟ್ಟ ಕ್ಷಮೆ ಯಾರಿಗೆ ಹೋಯಿತು?

ಅವ್ವ ಚಿಗವ್ವ ಕುಕ್ಕಿಟ್ಟ ತಂಬಿಗೆ ಎತ್ತಿ ನೀರು ಕುಡಿದಳು. ಹೊರಡುವಾಗ, "ಒಮ್ಮೆ ಇಚಲಕರಂಜಿಗೆ ಬಾ," ಎಂದಳು ಕಾಕಾನಿಗೆ.

ಮುಂದಿನ ಪ್ರಭು ಭೋಜನಕ್ಕೆ ಕಾದು ಕುಳಿತವಳು ನಾನೇ. ತಟ್ಟೆ ಬಂತು, ಅವ್ವ ಮತ್ತೆ ನನ್ನ ಕೈಗೆ ದಾಟಿಸಿದಳು! ಹೊರಗೆ ಬಂದು ಜಗಳಕ್ಕೇ ನಿಂತೆ. ಮಾಫ್ ಮಾಡೇನಿ ಅಂತ ಅಷ್ಟು ದೂರ ಹೋಗಿ ಹೇಳಿ ಬಂದೆಯಲ್ಲ, ಮತ್ತೇನು ಈಗ?

"ಬಾಯಿಲೆ ಹೇಳೇನಿ," ಅಂದಳು ಅವ್ವ. "ಬಾಯಿಗಿ ಏನಾಗ್ತೈತಿ, ಏನಾರ ಅಂತೈತಿ."

ಕೆಲವು ವಾರಗಳ ಮೇಲೆ ಒಂದು ಶನಿವಾರ ಕಾಕಾ ಬಂದ. ಕೈಯಲ್ಲೊಂದು ಶೇಂಗಾದ ಚೀಲ. ಅಂದು ಅವ್ವನಿಗೆ ಕೆಚ್ಚುವ ಕೆಲಸವಿತ್ತು, ಅದೂ ನಮ್ಮದೇ ಹಳೆಯ ಶೆಡ್ಡಿನಲ್ಲಿ. "ನೀನೂ ನಡಿ," ಎಂದು ಅವನನ್ನೂ ಹೊರಡಿಸಿದಳು. ಅವನು ಹೊಸ್ತಿಲಲ್ಲೇ ನಿಂತ. ನಾನು ಎಂದಿನಂತೆ ಹೋಗಿ ಖಟಕಾದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಪುಸ್ತಕ ತೆರೆದೆ. ಅವ್ವ ಬೂದಿಯ ಬಟ್ಟಲು ಇಟ್ಟುಕೊಂಡು ಮಗ್ಗದ ಹಿಂದೆ ಕುಳಿತಳು. ಕೈ ಒಳಗೆ ಹಾಕಲಿಲ್ಲ.

"ನೀ ಏಳು," ಎಂದಳು ನನಗೆ. "ಅಲ್ಲಿ ಕಾಕಾ ಕುಂಡ್ರಲಿ."

ನನಗೆ ಕೇಳಿದ್ದು ಸರಿಯೇ ಎಂದು ತಿಳಿಯಲಿಲ್ಲ. ಕಾಕಾ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ. "ಬ್ಯಾಡ್ರೀ ವೈನೀ. ನನ್ನ ಕೈಲೆ ಆಗೂದಿಲ್ಲ."

"ಬಾ, ಕುಂಡ್ರು," ಅಂದಳು ಅವ್ವ.

ಕಾಕಾ ಬಂದ. ಖಟಕಾವನ್ನು ಮೇಲಿಂದ ಕೆಳಗೆ ನೋಡಿದ, ಬಂದ್ ಇದೆಯೆಂದು ನನ್ನನ್ನು ಕೇಳಿ ಖಾತ್ರಿ ಮಾಡಿಕೊಂಡ, ಆಮೇಲೆ ಎರಡೂ ಅಂಗೈಯಿಂದ ಅದನ್ನು ಮುಚ್ಚಿ ಹಿಡಿದು ಕುಳಿತ. ಅವ್ವ ಅವನಿಗೆ ಬೆನ್ನು ಮಾಡಿ ಎರಡೂ ಕೈ ಮಗ್ಗದೊಳಗೆ ಇಟ್ಟಳು. ನಾನು ಗೋಡೆಗೆ ಒರಗಿ ನಿಂತೆ. ಓಡಿಹೋಗಿ ಅವನನ್ನು ಎಬ್ಬಿಸಬೇಕು ಅನ್ನಿಸಿತು. ಅಳಬೇಕೆಂದೂ ಅನ್ನಿಸಿತು.

ಮಧ್ಯಾಹ್ನ ಕರೆಂಟು ಹೋಯಿತು. ಗಲ್ಲಿ ಬಾಯಿ ಮುಚ್ಚಿತು. ಜನ ಚಹಾಕ್ಕೆ ಎದ್ದು ಹೋದರು. ಕಾಕಾ ಏಳಲಿಲ್ಲ, ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಅವ್ವ ಒಂದೊಂದೇ ಎಳೆ ಹೊಸೆಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಮೊದಲು ಕೂಗುವ ಮಗ್ಗಗಳು, ಆಮೇಲೆ ಒಂದರ ಹಿಂದೆ ಒಂದು ಗಲ್ಲಿಯ ಮಗ್ಗಗಳೆಲ್ಲ ಖಟಾಖಟ್ ಶುರುವಾದವು. ಅವ್ವ ಕೈ ಹಾಕಿದ್ದ ಮಗ್ಗ ಸುಮ್ಮನಿತ್ತು. ಅವ್ವ ಕೈ ಹೊರಗೆ ತೆಗೆಯಲಿಲ್ಲ, ತಿರುಗಿಯೂ ನೋಡಲಿಲ್ಲ.

ಮರುದಿನ, ಪ್ರಭು ಭೋಜನದ ಭಾನುವಾರ, ರೊಟ್ಟಿಯ ತಟ್ಟೆ ಬಂದಾಗ ಅವ್ವ ಒಂದು ಚೂರು ತೆಗೆದುಕೊಂಡಳು. ಅವಳ ಉಗುರುಗಳಲ್ಲಿ ಇನ್ನೂ ಬೂದಿ ಇತ್ತು. ಯಾರ ಮಾತು ನಂಬಿದೆ, ಕಾಕಾನದೋ ಚಿಗವ್ವನದೋ, ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ತಟ್ಟೆ ನನ್ನ ಕೈಗೆ ಬಂತು. ಇಷ್ಟು ವರ್ಷ ಅದೇ ಸಿಟ್ಟು ಒಳಗಿಟ್ಟುಕೊಂಡು ಹಿಂದುಮುಂದು ನೋಡದೆ ತಿಂದವಳು ನಾನು. ಹಿಂದೆ ತಿರುಗಿದೆ. ಬಾಗಿಲಾಚೆ ಚಪ್ಪಲಿಗಳ ಪಕ್ಕ ಕಾಕಾ ಕುಳಿತಿದ್ದ, ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ. ನನಗೆ ಕೈ ಬರಲಿಲ್ಲ. ಅವ್ವ ಮೊಣಕೈಯಿಂದ ಮೆಲ್ಲಗೆ ತಿವಿದಳು.

"ನಿನಗ ಇವತ್ತ ಆಗದಿದ್ರ ಮುಂದ ಕೊಡು," ಎಂದು ಪಿಸುಗುಟ್ಟಿದಳು. "ಮುಂದಿನ ತಿಂಗಳ ಮತ್ತ ಬರ್ತೈತಿ."