ಹುಣಸೆಹಣ್ಣಿನಲ್ಲಿ ತೊಳೆದ ಚಿಪ್ಪು

ಗೌರಿ ಹಬ್ಬ ಗುರುವಾರವಿತ್ತು. ಸೋಮವಾರ ಸಂಜೆ ಕಡೂರಿನಲ್ಲಿ ಬಸ್ಸು ಹತ್ತಿ, ಊಟದ ಡಬ್ಬಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಯಗಟಿಗೆ ಬಂದೆ. ಡಬ್ಬಿಯೊಳಗೆ ಹತ್ತಿಯ ಮೇಲೆ ಮಲಗಿಸಿದ ಹದಿನೇಳು ಚಿಪ್ಪುಗಳಿದ್ದವು. ಕೋಟ್ಯಂತರ ವರ್ಷಗಳ ಹಿಂದೆ ಕಡಲಿನಲ್ಲಿದ್ದ ಬಸವನಹುಳುಗಳವು, ಈಗ ಪೂರ್ತಿ ಕಲ್ಲು. ತಮಿಳುನಾಡಿನ ಸುಣ್ಣಕಲ್ಲಿನ ಗಣಿಯೊಂದರಲ್ಲಿ ನಾನೇ ಆರಿಸಿ ತಂದದ್ದು. ನಮ್ಮ ಕಡೆಯ ಬಂಡೆಗಳು ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕೂ ಮೊದಲಿನವು, ಅವುಗಳಲ್ಲಿ ಹುಡುಕಿ ಫಲವಿಲ್ಲ.

ನನ್ನ ದಿನಚರಿಯಲ್ಲಿ ಇವುಗಳ ಲೆಕ್ಕ, ಚಿಪ್ಪಿಗೊಂದು ಗೆರೆಯಂತೆ, ಎರಡು ಸಾಲಾಗಿತ್ತು. ಹನ್ನೊಂದು ಬೆಳ್ಳಗಿನ, ನುಣುಪಾದವು. ಅವು ನಮ್ಮ ಮುತ್ತಜ್ಜಂದಿರ ಕಾಲದಲ್ಲೇ ಯಾರೋ ಹೆಸರಿಟ್ಟ ಪ್ರಭೇದ. ಉಳಿದ ಆರರ ಮೈಮೇಲೆ ಸುತ್ತಲೂ ಕೂದಲೆಳೆಯಷ್ಟು ಸಣ್ಣ ಉಬ್ಬುಗೆರೆಗಳು, ಏಣುಗಳಿದ್ದವು. ಆ ಏಣುಗಳನ್ನು ನಂಬಿಕೊಂಡೇ ನಾನು ಇದು ಬೇರೆ ಪ್ರಭೇದ, ಹೊಸದು ಎಂದು ಪ್ರಬಂಧ ಬರೆಯುತ್ತಿದ್ದೆ. ಹೊಸ ಪ್ರಭೇದಕ್ಕೆ ಹೆಸರಿಡುವವರು ಒಂದು ಚಿಪ್ಪನ್ನು ಮಾದರಿಯೆಂದು ತೋರಿಸಬೇಕು. ಆರರಲ್ಲಿ ಐದು ಮುರಿದಿದ್ದವು. ಇಡಿಯಾಗಿ ಇದ್ದದ್ದು ಒಂದೇ, ಹೆಬ್ಬೆರಳಿನ ಅರ್ಧದಷ್ಟು. ಹೆಸರನ್ನೂ ನಮ್ಮೂರಿನ ಹೆಸರಿನಿಂದಲೇ ಕಟ್ಟಿಟ್ಟುಕೊಂಡಿದ್ದೆ. ಹಬ್ಬ ಮುಗಿದ ಮೇಲೆ ಪ್ರಬಂಧವನ್ನು ಮೇಡಂಗೆ, ಎಂದರೆ ನನ್ನ ಮಾರ್ಗದರ್ಶಕರಿಗೆ, ಕಳಿಸುವುದಿತ್ತು.

ಮಂಗಳವಾರ ತರೀಕೆರೆಯಿಂದ ಚಿಕ್ಕಮ್ಮ ಬಾಗಿನದ ಮೊರಗಳನ್ನು ಹೊತ್ತು ಬಂದಳು. ಅಮ್ಮ ಫೋನಿನಲ್ಲಿ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದಳು.

"ಏನೇ, ಹುಳಕ್ಕೆ ನಾಮಕರಣ ಅಂತೆ. ತೊಟ್ಟಿಲು ಎಲ್ಲಿ ಕಟ್ಟಿದೀಯ?"

"ಅಲ್ಲಿ ಡಬ್ಬೀಲಿ ಮಲಗೈತೆ ನೋಡು," ಎಂದಳು ಅಮ್ಮ. ಹೆಮ್ಮೆ ಅವಳ ದನಿಯಲ್ಲೇ ಇತ್ತು. ಕೊಬ್ಬರಿ ಕೊಳ್ಳಲು ಬಂದವರಿಗೂ ಅವಳು ಈ ಸುದ್ದಿ ಹೇಳಿದ್ದಳೆಂದು ಆಮೇಲೆ ಗೊತ್ತಾಯಿತು.

ಆ ಸಂಜೆ ಇಡಿಯಾದ ಚಿಪ್ಪಿನ ಫೋಟೊ ತೆಗೆದು, ಅದನ್ನು ದೇವರ ಗೂಡಿನ ಪಕ್ಕದ ಕಿಟಕಿಯಲ್ಲಿಟ್ಟು ಊಟಕ್ಕೆದ್ದೆ.

ಬುಧವಾರ ಬೆಳಿಗ್ಗೆ ಹಿತ್ತಿಲ ಕಲ್ಲಿನ ಮೇಲೆ ಹಿತ್ತಾಳೆ ದೀಪಗಳು, ತಂಬಿಗೆ, ಗಂಟೆ, ಎಲ್ಲವೂ ಫಳಫಳ ಹೊಳೆಯುತ್ತ ಸಾಲಾಗಿದ್ದವು. ಸಾಲಿನ ಕೊನೆಯಲ್ಲಿ ನನ್ನ ಚಿಪ್ಪಿತ್ತು.

"ಶಂಖದ ಜಾತಿ ಅಂತ ನೀನೇ ಹೇಳಿದ್ಯಲ್ಲ," ಎಂದಳು ಅಮ್ಮ, ಕೈಯಲ್ಲಿ ತೆಂಗಿನ ನಾರು ಹಿಡಿದು. "ಗೌರಮ್ಮನ ಮುಂದೆ ಇಡಾಣ ಅಂತ ರಾತ್ರಿನೇ ದೀಪದ ಜೊತೆ ಹುಣಸೆಹಣ್ಣಿನ ನೀರಲ್ಲಿ ಹಾಕಿದ್ದೆ. ಎಷ್ಟು ಬೆಳ್ಳಗಾಗೈತೆ ನೋಡು."

ಬೆಳ್ಳಗಾಗಿತ್ತು. ಸುಣ್ಣದ ಕಲ್ಲನ್ನು ಹುಳಿ ತಿನ್ನುತ್ತದೆ. ಏಣುಗಳು ಇರಲಿಲ್ಲ, ಮಾದರಿಯೆಂದು ಇದೊಂದರ ಮೇಲೆ ನಾನು ಶಾಯಿಯಲ್ಲಿ ಬರೆದಿದ್ದ ಸಂಖ್ಯೆಯೂ ಇರಲಿಲ್ಲ. ನಾನು ಮೆಟ್ಟಿಲ ಮೇಲೆ ಕುಳಿತೆ. ಅಮ್ಮ ನನ್ನ ಮುಖ ನೋಡಿದಳು.

"ಹಾಳಾಯ್ತಾ?"

"ಹೂಂ."

ಅವಳು ನಾರನ್ನು ಕೆಳಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ನಿಂತೇ ಇದ್ದಳು. ಚಿಕ್ಕಮ್ಮನೇ ಮಾತಾಡಿದ್ದು. "ನಮ್ಮಕ್ಕ ಕೈಗೆ ಸಿಕ್ಕಿದ್ದೆಲ್ಲ ಬೆಳಗ್ತಾಳೆ ಕಣೆ. ಮದುವೆ ಆದ ಹೊಸದ್ರಲ್ಲಿ ಭಾವನ ವಾಚು ಬೆಳಗಿದ್ಲು. ಅದು ಇವತ್ತಿಗೂ ನಡೆದಿಲ್ಲ." ಯಾರೂ ನಗಲಿಲ್ಲ.

ಆದದ್ದನ್ನು ಬರೆದಿಡಲೇಬೇಕಲ್ಲ. ಮಧ್ಯಾಹ್ನ ಮೊರದ ಮೇಲೆ ಬಟ್ಟೆ ಹಾಸಿ, ತೊಳೆದ ಚಿಪ್ಪನ್ನೂ ಹನ್ನೊಂದು ನುಣುಪಾದವನ್ನೂ ಹರಡಿ ಅಳತೆಗೆ ಕುಳಿತೆ. ಅಷ್ಟರಲ್ಲಿ ಅಪ್ಪ ಕರೆದರೆಂದು ಎದ್ದುಹೋಗಿ ಬಂದೆ. ಬಂದು ನೋಡಿದರೆ, ಹಾಳಾದದ್ದು ಯಾವುದೆಂದು ನನಗೇ ಗುರುತು ಸಿಗಲಿಲ್ಲ. ಚಿಕ್ಕಮ್ಮ ಒಂದೊಂದನ್ನೇ ಎತ್ತಿ ಮೂಸಿದಳು. "ಇದೇ. ಸಾರಿನ ವಾಸ್ನೆ."

ಅದನ್ನು ಮಸೂರದ ಕೆಳಗೆ ಹಿಡಿದೆ. ಒಂದು ಸುತ್ತು ಇನ್ನೊಂದಕ್ಕೆ ಕೂಡುವ ಸಂದಿನಲ್ಲಿ, ನಾರು ಮುಟ್ಟದ ಕಡೆ, ಏಣುಗಳ ತುದಿಗಳು ಒಂದಿಷ್ಟು ಉಳಿದಿದ್ದವು. ಮನಸ್ಸಿಗೆ ಏನೋ ಹೊಳೆದಂತಾಗಿ ಪಕ್ಕದಲ್ಲಿದ್ದ ನುಣುಪಾದದ್ದನ್ನು ತೆಗೆದುಕೊಂಡೆ. ಅದೇ ಸಂದು, ಅಷ್ಟೇ ಅಂತರ, ಅವೇ ತುದಿಗಳು. ಹನ್ನೊಂದರಲ್ಲಿ ಒಂಬತ್ತರಲ್ಲಿ ಅವು ಸಿಕ್ಕವು. ಇನ್ನೆರಡು ತೀರ ಸವೆದಿದ್ದವು. ನುಣುಪಾದವನ್ನೆಲ್ಲ ನಾನು ಗಣಿಯ ಮೇಲ್ಪದರದ ಸಡಿಲ ಕೆಂಪು ಮಣ್ಣಿನಲ್ಲಿ ಹೆಕ್ಕಿದ್ದೆ. ಏಣುಳ್ಳವನ್ನು ಕೆಳಗಿನ ಗಟ್ಟಿ ಕಲ್ಲು ಒಡೆದು ತೆಗೆದಿದ್ದೆ. ಅಮ್ಮನ ಹುಣಸೆಹಣ್ಣು ಒಂದು ರಾತ್ರಿಯಲ್ಲಿ ಮಾಡಿದ್ದನ್ನು ಅಲ್ಲಿ ಮಳೆನೀರು ನಿಧಾನವಾಗಿ ಮಾಡಿತ್ತು. ಎರಡು ಪ್ರಭೇದ ಇರಲೇ ಇಲ್ಲ.

ಮೇಡಂಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಮುರಿದಿರೋ ಒಂದು ತುಂಡನ್ನೂ ಹಾಗೇ ಹುಳಿಯಲ್ಲಿ ಹಾಕಿ ನೋಡು. ಅದೂ ಹೀಗೇ ಆದ್ರೆ ಒಂದೇ ಪ್ರಭೇದ. ಬೇಜಾರಾಯ್ತಾ?"

"ಆಯ್ತು ಮೇಡಂ."

"ಇವತ್ತು ಬೇಜಾರು ಮಾಡ್ಕೊ. ಆಮೇಲೆ ಆ ಹಳೇ ಪ್ರಭೇದದ ವಿವರಣೆ ತಿದ್ದಿ ಬರಿ. ಅದಕ್ಕೆ ಏಣಿತ್ತು ಅಂತ ಇಷ್ಟು ವರ್ಷ ಯಾರೂ ಹೇಳಿಲ್ಲ."

ತುಂಡನ್ನು ಹುಣಸೆಹಣ್ಣಿನ ನೀರಿಗೆ ಹಾಕುವಾಗ ಅಮ್ಮನನ್ನೇ ಕರೆದೆ. ಎಷ್ಟು ಹಣ್ಣು, ಎಷ್ಟು ನೀರು ಎಂದು ಅವಳನ್ನು ಕೇಳಿ ಕೇಳಿ ಬರೆದುಕೊಂಡೆ. ಹಬ್ಬದ ಬೆಳಿಗ್ಗೆ, ಪೂಜೆಗೆ ಮೊದಲು, ಅವಳೇ ತುಂಡನ್ನು ನಾರಿನಿಂದ ಉಜ್ಜಿ ನನ್ನ ಅಂಗೈಗಿಟ್ಟಳು. ನುಣುಪಾಗಿತ್ತು, ಸಂದಿನಲ್ಲಿ ಮಾತ್ರ ಅವೇ ತುದಿಗಳು.

"ನಾನು ತೊಳೀದೇ ಇದ್ದಿದ್ರೆ ನೀನು ಹೆಸರಿಡ್ತಿದ್ದೆ," ಎಂದಳು.

"ಇಡ್ತಿದ್ದೆ. ಯಾರೋ ಇನ್ನೊಬ್ರು ಬಂದು ತಪ್ಪು ಅಂತ ತೆಗೀತಿದ್ರು."

"ಊರ ಹೆಸರನ್ನ?"

"ಹೂಂ."

ಅವಳು ನಾರನ್ನು ಕಲ್ಲಿನ ಮೇಲಿಟ್ಟಳು. "ಹುಣಸೆಹಣ್ಣು ಅಂತ ಬೇಕಾದ್ರೆ ಬರ್ಕೊ. ಅಮ್ಮ ಅಂತ ಬರೀಬೇಡ."

ದಿನಚರಿಯಲ್ಲಿ ಎರಡು ಸಾಲನ್ನೂ ಹೊಡೆದುಹಾಕಿ, ಒಂದೇ ಸಾಲಿನಲ್ಲಿ ಹದಿನೇಳು ಗೆರೆ ಎಳೆದೆ. ಊರಿನ ಹೆಸರಿನ ಮೇಲೂ ಒಂದು ಗೆರೆ ಎಳೆಯಬೇಕಾಯಿತು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಬಸ್ಸಿಗೆ ಹೊರಟ ಚಿಕ್ಕಮ್ಮ ಹೊಸಿಲಲ್ಲಿ ನಿಂತು, "ತೊಟ್ಟಿಲು ಬೇಡ್ವಾ ಹಂಗಾದ್ರೆ?" ಎಂದಳು.

"ಬೇಡ ಕಣೆ," ಎಂದಳು ಅಮ್ಮ, ಹತ್ತಿ ಬಿಡಿಸಿ ಬೆಳ್ಳಗಿನ ಚಿಪ್ಪನ್ನು ಡಬ್ಬಿಯಲ್ಲಿ ಮಲಗಿಸುತ್ತ. "ಇದಕ್ಕೆ ಯಾರೋ ಆಗ್ಲೇ ಹೆಸರಿಟ್ಟವ್ರೆ."