ಅಟ್ಟದ ಮೇಲಿನ ಒಂಟಿ ಬೂಟು

ನನ್ನ ಎಡಗೈ ನೋಡಿ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಗೆರೆ ಇದೆಯಲ್ಲ, ಅದು ಗಾಜು ಕೊಯ್ದ ಗಾಯ. ಕಟ್ಟೆಮಳಲವಾಡಿಯ ಅರ್ಧ ಊರು ನಾನು ಹೇಳುವುದನ್ನು ಬುರುಡೆ ಅನ್ನುತ್ತದೆ. ಅನ್ನಲಿ ಬಿಡಿ, ಆ ರಾತ್ರಿ ಅವರ್‍ಯಾರೂ ಅಲ್ಲಿರಲಿಲ್ಲ. ನಾನಿದ್ದೆ, ನನ್ನ ಭಾಮೈದ ಸಿದ್ದ ಇದ್ದ... ಮತ್ತೆ ಇನ್ಯಾರೋ ಇದ್ದರು.

ಜರ್ಮನಿ ಯುದ್ಧಕ್ಕೆ ಮುಂಚಿನ ಮಾತು. ಹುಣಸೂರಿನಲ್ಲಿ ಕಾಫಿ ವ್ಯಾಪಾರ ಮಾಡುತ್ತಿದ್ದ ದೊರೆಯೊಬ್ಬರ ಬಂಗಲೆಯಲ್ಲಿ ನಾನು ಅಡುಗೆಯವನು, ಸಿದ್ದ ಮೇಲುಗೆಲಸದವನು. ದೊರೆ ವ್ಯಾಪಾರಕ್ಕೆಂದು ರಷ್ಯಾ ದೇಶದ ಪೀಟರ್ಸ್‌ಬರ್ಗ್ ಪಟ್ಟಣಕ್ಕೆ ಹೊರಟಾಗ ನಮ್ಮಿಬ್ಬರನ್ನೂ ಕರೆದುಕೊಂಡರು. ಸಿದ್ದನಿಗೆ ಆಗಷ್ಟೇ ಮದುವೆಯಾಗಿತ್ತು. ನನ್ನ ಹೆಂಡತಿ ಕೆಂಪಮ್ಮ ಅವನ ಅಕ್ಕ. ತಾಯಿ ಹೋದಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಗಾಡಿ ಹತ್ತುವಾಗ ನನ್ನ ಪಂಚೆಯ ಚುಂಗು ಹಿಡಿದುಕೊಂಡಳು.

"ಅವುನ್ನ ಬುಟ್ಟು ನೀವೊಬ್ರೇ ಬಂದ್ರೆ ಈ ಒಸ್ಲು ತುಳೀಬ್ಯಾಡಿ ಕಣ್ರೀ."

ಹೂಂ ಅಂದಿದ್ದೆ. ಹೂಂ ಅನ್ನುವುದು ಸುಲಭ.

ಆ ದೇಶ ತಲುಪಿ ಮಳೆಗಾಲ ಕಳೆಯುವಷ್ಟರಲ್ಲಿ ದೊರೆ ಜ್ವರ ಬಂದು ತೀರಿಹೋದರು. ಅಷ್ಟರಲ್ಲಿ ಅಲ್ಲಿನ ಹೊಳೆ ಗಟ್ಟಿಯಾಯಿತು. ನಗಬೇಡಿ... ಕಾವೇರಿಗಿಂತ ಅಗಲದ ಹೊಳೆ ಕಲ್ಲಾಗಿ, ಅದರ ಮೇಲೆ ಕುದುರೆ ಗಾಡಿ ಓಡುತ್ತಿದ್ದವು! ಮಂಜು ಕರಗುವವರೆಗೆ ಹಡಗು ಇಲ್ಲ ಅಂದರು. ದೊರೆಯ ಸ್ನೇಹಿತರೊಬ್ಬರು ನಮ್ಮನ್ನು ಒಬ್ಬ ಮುದುಕಿಯ ಮನೆಯ ಮೇಲಿನ ಕೋಣೆಯಲ್ಲಿ ಇರಿಸಿ ಕೈತೊಳೆದುಕೊಂಡರು.

ಆ ಊರಿನ ವಿಚಿತ್ರ ಒಂದೆರಡಲ್ಲ. ಮಧ್ಯಾಹ್ನದ ಊಟ ಅರಗುವ ಮೊದಲೇ ಕತ್ತಲು. ಸಕ್ಕರೆ ಉಂಡೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಟೀ ಕುಡಿಯುತ್ತಾರೆ. ಕಿಟಕಿಗೆ ಎರಡು ಪದರ ಗಾಜು, ನಡುವೆ ಹತ್ತಿ, ಸಂದಿಗೆಲ್ಲ ಕಾಗದ ಅಂಟಿಸಿ ಚಳಿಗಾಲ ಮುಗಿಯುವವರೆಗೆ ತೆಗೆಯುವುದೇ ಇಲ್ಲ. ಮುದುಕಿ, ಅವಳನ್ನು ನಾವು ಅಜ್ಜಿ ಅಂತಲೇ ಕರೆಯುತ್ತಿದ್ದೆವು, ಬಂದ ದಿನವೇ ಕೈಸನ್ನೆಯಲ್ಲಿ ಕಟ್ಟಳೆ ಶುರುಮಾಡಿದಳು. ಮನೆಯೊಳಗೆ ಸಿಳ್ಳೆ ಹೊಡೆಯಬಾರದು. ಹೊಸಿಲ ಆಚೆ ಈಚೆ ನಿಂತು ಕೈ ಕುಲುಕಬಾರದು. ರೊಟ್ಟಿಯನ್ನು ಬೋರಲು ಹಾಕಬಾರದು. ಒಲೆಯ ಹಿಂದೆ ಕಣ್ಣಿಗೆ ಕಾಣದ ಮನೆಯ ಹಿರಿಯನೊಬ್ಬ ಇದ್ದಾನೆ, ಮೈತುಂಬ ಕೂದಲು, ಅವನಿಗೆ ರಾತ್ರಿ ರೊಟ್ಟಿ ಚೂರು ಇಡಬೇಕು.

ಒಲೆ ಅಂದರೆ ನಮ್ಮ ಮೂರು ಕಲ್ಲಿನ ಒಲೆಯಲ್ಲ. ಗೋಡೆಯೊಳಗೆ ಆಳೆತ್ತರಕ್ಕೆ ಕಟ್ಟಿದ್ದು. ಒಮ್ಮೆ ಸೌದೆ ಉರಿಸಿ, ಆಮೇಲೆ ಹೊಗೆ ಹೋಗುವ ದಾರಿಗೆ ಕಬ್ಬಿಣದ ತಗಡು ಎಳೆದು ಮುಚ್ಚಿದರೆ ಬೆಳಗಿನವರೆಗೆ ಬೆಚ್ಚಗೆ. ಆದರೆ ಕೆಂಡದ ಮೇಲೆ ನೀಲಿ ಉರಿ ಆಡುತ್ತಿರುವಾಗ ಮುಚ್ಚಲೇಬಾರದು ಅಂತ ಅಜ್ಜಿ ಎರಡು ಕೈಯಲ್ಲೂ ತಲೆ ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ, ಗೋಡೆಗೆ ಒರಗಿ ಬಿದ್ದು ತೋರಿಸಿದಳು.

"ಅಜ್ಜಿ ಮೈಮ್ಯಾಲೆ ಬಂತು ಕಣ್ ಭಾವ," ಅಂತ ಸಿದ್ದ ಬಿದ್ದು ಬಿದ್ದು ನಕ್ಕ.

ನಾನೂ ನಕ್ಕೆ. ಹೊಗೆಯೆಲ್ಲ ಹೆಂಚಿನ ಸಂದಿಯಲ್ಲಿ ಹೋಗುವ ಮನೆಯಲ್ಲಿ ಹುಟ್ಟಿದವನು ನಾನು. ಒಲೆಯ ಪಕ್ಕ ಮಲಗಿದವರು ಸಾಯುತ್ತಾರೆ ಅಂದರೆ ಹೇಗೆ ನಂಬಲಿ? ಸಿಳ್ಳೆ, ರೊಟ್ಟಿ, ಒಲೆ ಹಿಂದಿನ ಮುದುಕ... ಅವುಗಳ ಜೊತೆ ಇದೂ ಒಂದು ಅಂದುಕೊಂಡೆ.

ಚಳಿ ಏರಿದಾಗ ಸಿದ್ದ ಮಲಗಿಬಿಟ್ಟ. ಕೆಮ್ಮು, ಜ್ವರ. ಎದೆಯೊಳಗೆ ಗೊರಗೊರ ಸದ್ದು. ನಾನು ಬೀದಿಯಲ್ಲಿ ಮಂಜು ಬಾಚುವ ಕೂಲಿಗೆ ಹೋಗಿ ಸೌದೆ ತರುತ್ತಿದ್ದೆ. ಆವತ್ತು ಕೂಲಿಯೂ ಸಿಗಲಿಲ್ಲ. ಇದ್ದ ಕೊನೆಯ ಸೌದೆಯನ್ನು ಒಲೆಗೆ ತುಂಬಿ, ಊರಿಂದ ತಂದ ಕಂಬಳಿಯನ್ನು ಸಿದ್ದನಿಗೆ ಹೊದಿಸಿದೆ. ಅವನ ಹಲ್ಲು ಕಟಕಟ ಅನ್ನುತ್ತಿತ್ತು.

"ಭಾವ... ನನ್ನ ಅಕ್ಕನ್ ತಾವ ಕರ್ಕೊಂಡೋಗು."

"ಓಗಾನ ಸುಮ್ಕಿರ್ಲಾ. ಐಸು ಕರುಗ್ಲಿ."

ಸೌದೆ ಕೆಂಡವಾಗಿತ್ತು. ಅದರ ಮೇಲೆ ನೀಲಿ ಉರಿ ಸಣ್ಣಗೆ ಆಡುತ್ತಿತ್ತು. ಇರುವ ಕಾವೆಲ್ಲ ಹೊಗೆಗೂಡಿನಲ್ಲಿ ಆಕಾಶಕ್ಕೆ ಹೋಗುತ್ತಿದೆ, ಇಲ್ಲಿ ಈ ಮುಂಡೇದು ಚಳಿಗೆ ಸಾಯುತ್ತಿದೆ! ಎದ್ದು ಹೋಗಿ ತಗಡು ಎಳೆದೆ. ಕಿರ್ ಅಂತ ಮುಚ್ಚಿಕೊಂಡಿತು. ಕೋಣೆ ಬೆಚ್ಚಗಾಯಿತು. ಸಿದ್ದನ ನಡುಕ ನಿಂತಿತು. ನಾನು ಅವನ ಪಕ್ಕ ಉರುಳಿಕೊಂಡೆ.

ಎಷ್ಟು ಹೊತ್ತಾಯಿತೋ... ಯಾರೋ ನನ್ನ ಕಾಲು ಹಿಡಿದು ಎಳೆದರು.

"ಬುಡ್ಲಾ ಸಿದ್ದ," ಅಂದೆ. ಮಾತು ಹೊರಗೆ ಬರಲಿಲ್ಲ. ತಲೆ ಒಡೆದು ಹೋಗುವಷ್ಟು ನೋವು. ಕೈಕಾಲು ನನ್ನವಲ್ಲ.

ಮತ್ತೆ ಎಳೆದರು. ಒರಟು ಕೈ. ಬೆರಳ ಮೇಲೆಲ್ಲ ಕೂದಲು... ನನ್ನ ಹಿಮ್ಮಡಿಗೆ ಚುಚ್ಚುತ್ತಿತ್ತು. ಮೂಗಿಗೆ ನೆನೆದ ಕುರಿಯ ವಾಸನೆ ಬಡಿಯಿತು. ಹಲಗೆ ನೆಲದ ಮೇಲೆ ನನ್ನ ಬೆನ್ನು ಸರಿಯುತ್ತಾ ಇದೆ, ಸರ್... ಸರ್... ಪಕ್ಕದಲ್ಲಿ ಯಾರೋ ಏದುಸಿರು ಬಿಡುತ್ತಿದ್ದಾರೆ. ಕೋಣೆಯ ಆ ತುದಿಯಲ್ಲೂ ಅಂಥದೇ ಉಸಿರು, ಅಂಥದೇ ಸರ್ ಸರ್ ಸದ್ದು. ಅದು ಸಿದ್ದನ ಗೊರಕೆ ಇರಬೇಕು ಅಂತ ಆ ಮಂಪರಿನಲ್ಲೂ ಅಂದುಕೊಂಡೆ.

ತಲೆ ಗೋಡೆಗೆ ತಾಗಿತು. ಕಾಲು ಹಿಡಿದಿದ್ದ ಕೈ ಬಿಟ್ಟಿತು. ಕಣ್ಣು ತೆರೆದರೆ ಮೇಲೆ ಕಿಟಕಿ, ಹೊರಗಿನ ಮಂಜಿನ ಬೆಳಕು. ಸುತ್ತ ಯಾರೂ ಇಲ್ಲ. ಆಗ ಹೊಳೆಯಿತು, ಅಜ್ಜಿ ತಲೆ ಹಿಡಿದುಕೊಂಡು ಬಿದ್ದದ್ದು ಯಾಕೆ ಅಂತ. ಕೆಂಡದ ವಿಷಗಾಳಿ ಕೋಣೆ ತುಂಬಿತ್ತು.

ಏಳಲಾಗಲಿಲ್ಲ. ಕಿಟಕಿ ಕೆಳಗೆ ನನ್ನ ಹಿತ್ತಾಳೆ ಚೊಂಬು ಇತ್ತು. ಮಂಡಿಯೂರಿ, ಅದನ್ನೆತ್ತಿ ಗಾಜಿಗೆ ಹೊಡೆದೆ. ಒಂದು ಪದರ ಒಡೆಯಿತು. ಅದರಾಚೆ ಇನ್ನೊಂದು! "ಅಯ್ಯೋ ಸಿದ್ದಾ..." ಅಂತ ಕೂಗುತ್ತಾ ಕೈಯನ್ನೇ ನುಗ್ಗಿಸಿದೆ. ಗಾಳಿ ಕತ್ತಿಯ ಹಾಗೆ ಒಳಗೆ ಬಂತು.

ತಿರುಗಿ ನೋಡಿದರೆ ಸಿದ್ದ ಹಾಸಿಗೆಯಲ್ಲಿಲ್ಲ. ಒಲೆಯ ಬಾಯಿಗೆ ತಲೆ ತಾಗಿಸಿಕೊಂಡು ಬಿದ್ದಿದ್ದಾನೆ, ಮುಖ ಕೆಂಪಗೆ, ಉಸಿರೇ ಕಾಣದು. ಚಳಿಗೆ ತಾನೇ ತೆವಳಿಕೊಂಡು ಹೋಗಿದ್ದಾನೆ ಪಾಪ ಅಂದುಕೊಂಡೆ. ಸದ್ದು ಕೇಳಿ ಅಜ್ಜಿ ಓಡಿಬಂದಳು. ಅವನನ್ನು ಮೆಟ್ಟಿಲಿಗೆ ಎಳೆದು, ಮುಖಕ್ಕೆ ಮಂಜು ಉಜ್ಜಿ, ಕೆನ್ನೆಗೆ ಬಾರಿಸಿ, ಅಳುತ್ತಾ ಬೈಯುತ್ತಾ ಇದ್ದಳು. ನಾನು ಪಕ್ಕದಲ್ಲಿ ಕುಕ್ಕರಿಸಿ, ನಮ್ಮೂರ ಮಾರಮ್ಮನಿಂದ ಹಿಡಿದು ಅವಳ ಗೋಡೆಯ ಮೇಲಿದ್ದ ದೇವರವರೆಗೆ ಎಲ್ಲರನ್ನೂ ಬೇಡಿದೆ. ಬಹಳ ಹೊತ್ತಿನ ಮೇಲೆ ಸಿದ್ದ ವಾಂತಿ ಮಾಡಿಕೊಂಡ. ಅಷ್ಟು ಸಂತೋಷವಾಗಿ ವಾಂತಿ ನೋಡಿದವನು ಲೋಕದಲ್ಲಿ ನಾನೊಬ್ಬನೇ ಇರಬೇಕು.

ಕಾಲು ಎಳೆದದ್ದನ್ನು ಅಜ್ಜಿಗೆ ಸನ್ನೆಯಲ್ಲಿ ತೋರಿಸಿದೆ. ಅವಳು ಒಲೆಯ ಹಿಂದಿನ ಕತ್ತಲಿಗೆ ತಲೆಬಾಗಿದಳು.

ಮಂಜು ಕರಗಿ ಹೊರಡುವ ದಿನ ಅವಳು ಒಲೆಯ ಮುಂದೆ ಏನೋ ಪಿಸುಗುಟ್ಟಿ, ಒಂದು ಹಳೇ ಉಣ್ಣೆ ಬೂಟಿನೊಳಗೆ ರೊಟ್ಟಿ ಚೂರು ಹಾಕಿ, ಬಾಯಿ ಕಟ್ಟಿ ಸಿದ್ದನ ಕೈಗಿತ್ತಳು. ಒಂದೇ ಕಾಲಿನದು! ಆ ದೇಶದ ಬಂದರುಗಳನ್ನು ಬಲ್ಲ ಒಬ್ಬ ಸಾಬರು ಹಡಗಿನಲ್ಲಿ ಖಲಾಸಿಯಾಗಿದ್ದರು. ಅದನ್ನು ನೋಡಿ ಅವರೇ ಬಿಡಿಸಿ ಹೇಳಿದರು. ಮನೆ ಬದಲಿಸುವಾಗ ಒಲೆ ಹಿಂದಿನ ಹಿರಿಯನನ್ನು ಆ ಜನ ಹಳೇ ಬೂಟಿನಲ್ಲಿ ಕರೆದೊಯ್ಯುತ್ತಾರಂತೆ. ನಿಮ್ಮನ್ನು ಕಾಯಲೆಂದು ಮುದುಕಿ ತನ್ನವನನ್ನೇ ಕಳಿಸಿದ್ದಾಳೆ, ಅಂದರು. ನನಗೆ ಕಣ್ಣು ತುಂಬಿ ಬಂತು. ದಾರಿಯುದ್ದಕ್ಕೂ ಬೂಟನ್ನು ತಲೆದಿಂಬು ಮಾಡಿಕೊಂಡು ಮಲಗಿದೆ.

ಕೆಂಪಮ್ಮ ತಮ್ಮನನ್ನು ತಬ್ಬಿ ಅತ್ತಳು. ಬೂಟಿಗೆ ಅರಿಶಿನ ಕುಂಕುಮ ಇಟ್ಟು, ಅಡುಗೆಮನೆಯ ಅಟ್ಟದ ಮೇಲೆ ಕೂರಿಸಿದಳು.

ಹೋದ ವರ್ಷ, ಹೊಗೆಸೊಪ್ಪಿನ ಕೆಲಸ ಮುಗಿಸಿ ನಾನೂ ಸಿದ್ದನೂ ಜಗುಲಿಯಲ್ಲಿ ಕೂತಿದ್ದೆವು. ಅವನು ಎಲೆಗೆ ಸುಣ್ಣ ಸವರುತ್ತಾ ಕೇಳಿದ.

"ಅಲ್ಲ ಭಾವ, ಆವತ್ ರಾತ್ರಿ ನನ್ನ ಯಾಕಂಗ್ ಎಳೀತಿದ್ದೆ?"

"ನಾನೆಲ್ಲಿ ಎಳುದ್ನೋ? ಒಲೆ ತಾವ ನೀನೇ ಓಗ್ ಬಿದ್ದಿದ್ದೆ."

"ಇಲ್ಲ ಕಣ್ ಭಾವ. ಬ್ಯಾಡ ಬುಡು ಅಂತ ಗೋಗರುದ್ರೂ ಬುಡ್ನಿಲ್ಲ. ಕಾಲ್ ಇಡ್ಕೊಂಡು ದರದರ ಅಂತ ಒಲೆ ಬಾಯ್ಗೇ ಎಳೀತಿತ್ತು... ಕೈ ತುಂಬ ಕೂದ್ಲು. ನಿನ್ ಕೈ ಅಂಗಿಲ್ವಲ್ಲ ಅಂತ ಆಮೇಲ್ ಅನ್ನುಸ್ತು."

ನನ್ನನ್ನು ಗಾಳಿಯ ಕಡೆಗೆ ಎಳೆದರು. ಅವನನ್ನು ಒಲೆಯ ಕಡೆಗೆ. ಒಬ್ಬನೇ ಆಗಿದ್ದರೆ ಎರಡು ಕಡೆ ಹೇಗೆ ಎಳೆಯುತ್ತಾನೆ? ಇಬ್ಬರಿದ್ದರೆ... ಬೂಟಿನೊಳಗೆ ಬಂದವನು ಯಾರು?

ಹೊಳೆಗೆ ಬಿಡೋಣ ಅಂತ ಎರಡು ಸಲ ಅಟ್ಟ ಹತ್ತಿದ್ದೇನೆ. ನಮ್ಮನ್ನು ಉಳಿಸಿದವನೇ ಅದರಲ್ಲಿದ್ದರೆ? ಕೈ ಬರದೆ ಇಳಿದಿದ್ದೇನೆ. ಕೆಂಪಮ್ಮನಿಗೆ ಹೇಳಿಲ್ಲ. ಅವಳು ದಿನಾ ರಾತ್ರಿ ಬೂಟಿನ ಮುಂದೆ ಮುದ್ದೆ ಚೂರು ಇಡುತ್ತಾಳೆ. ಬೆಳಗ್ಗೆ ಅದು ಇರುವುದಿಲ್ಲ. ಇಲಿಯೇ ಇರಬೇಕು.

ಸಿದ್ದನ ಹೆಂಡತಿ ಮತ್ತೆ ಬಸುರಿ, ತೌರಿಗೆ ಹೋಗಿದ್ದಾಳೆ. ಅವಳು ಬರುವವರೆಗೆ ಅವನ ಪುಟ್ಟ ಮಗಳು ನಮ್ಮಲ್ಲೇ ಇರುತ್ತಾಳೆ. ಚಳಿ ಅಂತ ಕೆಂಪಮ್ಮ ಅವಳನ್ನು ಒಲೆಯ ಪಕ್ಕ, ಆ ಅಟ್ಟದ ಕೆಳಗೆ ಮಲಗಿಸುತ್ತಾಳೆ. ನಾನು ಮಗುವಿನ ಕಾಲಿನ ಮೇಲೆ ಕೈ ಇಟ್ಟುಕೊಂಡು ಬೆಳಗಿನವರೆಗೆ ಕೂತಿರುತ್ತೇನೆ.