ಕೊನೆಯ ಹಾಲೆಮರದ ತೊಗಟೆ

ಡೊಂಬಿವಲಿಯ ನಮ್ಮ ಸೊಸೈಟಿಯ ಮುಂದಿನ ರಸ್ತೆಯಲ್ಲಿ ನಾಲ್ಕು ಹಾಲೆಮರಗಳಿದ್ದವು. ಅಕ್ಟೋಬರಿನಲ್ಲಿ ಅವು ಹೂಬಿಟ್ಟರೆ, ಸ್ಟೇಷನ್ನಿನಿಂದ ಬರುವವರಿಗೆ ರಿಕ್ಷಾದಲ್ಲೇ ಘಾಟು ಬಡಿಯುತ್ತಿತ್ತು. ತಲೆನೋವು ಬರುತ್ತದೆಂದು ಗೊಣಗುವವರಲ್ಲಿ ನಾನೇ ಮೊದಲಿಗ. ಈಗ ಆ ಘಾಟಿಗಾಗಿ ಜೀವ ಹಂಬಲಿಸುತ್ತದೆ.

ಅಮ್ಮನಿಗೆ ಆ ಮರಗಳೆಂದರೆ ಊರೇ. ಉಡುಪಿ ಕಡೆಯ ನಮಗೆ ಆಟಿ ಅಮಾವಾಸ್ಯೆಯ, ಅಂದರೆ ಆಷಾಢದ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ತೊಗಟೆಯ ಕಷಾಯ ಕುಡಿಯಲೇಬೇಕು. ಸೂರ್ಯ ಹುಟ್ಟುವ ಮೊದಲೇ ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದಲೇ ಜಜ್ಜಿ ತೊಗಟೆ ಕೀಳಬೇಕು. ಅಪ್ಪ ಹೋಟೆಲಿನ ಬಾಗಿಲು ತೆಗೆಯುವ ಮುಂಚೆ ಈ ಕೆಲಸ ಮುಗಿಸುತ್ತಿದ್ದರು. ಅವರು ಹೋದ ಮೇಲೆ ಕಲ್ಲು ನನ್ನ ಕೈಗೆ ಬಂತು. ಕಷಾಯ ಬಾಯಿಗಿಟ್ಟರೆ ಕಹಿಗೆ ನನಗೆ ಕಣ್ಣಲ್ಲಿ ನೀರು. ಅಮ್ಮ ಮಾತ್ರ ಚಹಾ ಕುಡಿದಷ್ಟೇ ಸಲೀಸಾಗಿ ಮುಗಿಸಿ, "ಇನ್ನು ಒಂದು ವರ್ಷ ಕಾಯಿಲೆಯ ಹೆದರಿಕೆ ಇಲ್ಲ ಮಗಾ" ಎನ್ನುತ್ತಿದ್ದಳು.

ರಸ್ತೆಗೆ ಕಾಂಕ್ರೀಟು ಹಾಕುವಾಗ ಮೂರು ಮರಗಳು ಹೋದವು. ನಾಲ್ಕನೆಯದನ್ನು ಉಳಿಸಲು ನಾನು ಹಟ ಹಿಡಿದೆ. ಸೊಸೈಟಿಯಲ್ಲಿ ಹಸಿ ಕಸದ ಗೊಬ್ಬರ ಮಾಡಿಸಿದವನು ನಾನು. ಬಟ್ಟೆಯ ಚೀಲವಿಲ್ಲದೆ ಭಾಜಿ-ತರಕಾರಿ ತರಲು ಹೊರಟವರನ್ನು ಗೇಟಿನಲ್ಲೇ ನಿಲ್ಲಿಸಿ ಉಪದೇಶ ಕೊಡುತ್ತಿದ್ದವನೂ ನಾನೇ. "ಬಂದರು ಜಗದ್ಗುರುಗಳು" ಎಂದು ಹೆಂಡತಿ ಕಿಚಾಯಿಸುತ್ತಿದ್ದಳು. ಸಹಿ ಸಂಗ್ರಹಿಸಿ, ಕಚೇರಿ ಅಲೆದು, ಅಂತೂ ಮರ ಉಳಿಸಿಕೊಂಡೆವು. ಅದರ ಪೊಟರೆಯಲ್ಲಿ ಕುಟ್ರುಹಕ್ಕಿಯ ಜೋಡಿಯೊಂದಿತ್ತು.

ಆ ವರ್ಷವೂ ಆಟಿ ಬಂತು. ಅಮ್ಮನಿಗೆ ಬೇಕಾದದ್ದು ಅಂಗೈಯಗಲದ ತೊಗಟೆ. ಅಷ್ಟರಿಂದ ಏನಾದೀತು ಎಂದುಕೊಂಡು ಮುಂಜಾನೆಯ ಮಳೆಯಲ್ಲೇ ಕಿತ್ತು ತಂದೆ. ಮರದ ಆಚೆ ಬದಿಗೆ ಹೋಗಿ ನೋಡಲಿಲ್ಲ.

ಬೇಸಿಗೆಗೆ ಎಲೆಯೆಲ್ಲ ಉದುರಿ ಮರ ಬೋಳಾಯಿತು. ಕುಟ್ರುಹಕ್ಕಿಗಳು ಕಾಣಲಿಲ್ಲ. ರಸ್ತೆಯ ಗುತ್ತಿಗೆದಾರನೇ ಬುಡಕ್ಕೆ ಆಸಿಡ್ ಸುರಿಸಿದ್ದಾನೆಂದು ನಾನು ಕೆಂಡಾಮಂಡಲನಾಗಿ ಸೊಸೈಟಿಯ ಮಾಲಿಯನ್ನು ಕರೆದು ತೋರಿಸಿದೆ. ಆತ ಕಾಂಡದ ಸುತ್ತ ಕೈಯಾಡಿಸಿ, "ಸಾಹೇಬ್, ಸಗಳೀಕಡೂನ್ ಸಾಲ ಕಾಢಲೀ ಆಹೆ" ಎಂದ. ಎಲ್ಲ ಕಡೆಯಿಂದಲೂ ತೊಗಟೆ ಸುಲಿದಿದ್ದಾರಂತೆ; ಸುತ್ತಲೂ ತೊಗಟೆ ಹೋದರೆ ಮರ ಬದುಕದಂತೆ. ಸೊಂಟದೆತ್ತರದಲ್ಲಿ, ಕಲ್ಲಿನಿಂದ ಜಜ್ಜಿದ ಗಾಯಗಳು ಒಂದಕ್ಕೊಂದು ಕೂಡಿ ಬಳೆಯ ಹಾಗೆ ಮರವನ್ನು ಸುತ್ತಿಕೊಂಡಿದ್ದವು. ಡೊಂಬಿವಲಿಯಲ್ಲಿ ಮರಕ್ಕೆ ಕಲ್ಲು ಹಿಡಿದು ಹೋಗುವವರು ನಮ್ಮೂರ ಕಡೆಯವರಲ್ಲದೆ ಇನ್ಯಾರು? ನಾಲ್ಕು ಮರಗಳಿಗೆ ಹಂಚಿಹೋಗುತ್ತಿದ್ದ ಮನೆಗಳವರೆಲ್ಲ ಉಳಿದ ಒಂದಕ್ಕೇ ಬಂದು, ತಲಾ ಅಂಗೈಯಗಲ ತೆಗೆದಿದ್ದರು. ರಣಹದ್ದು ಕಡಿಮೆಯಾಯಿತೆಂದು ಪೇಪರಿನಲ್ಲಿ ಓದಿ ಯಾರ್ಯಾರಿಗೋ ಶಾಪ ಹಾಕುತ್ತಿದ್ದ ನಾನು, ಆ ಬಳೆಯಲ್ಲಿ ನಾನು ಮಾಡಿದ ಗಾಯವನ್ನು ಹುಡುಕಿ ಅದರ ಮೇಲೆ ಅಂಗೈಯಿಟ್ಟೆ.

ಅಮ್ಮನಿಗೆ ಹೇಳಿದೆ. ಮಳೆ ಹಿಡಿದ ಮೇಲೆ ಅದೇ ಜಾಗದಲ್ಲಿ ಎರಡು ಹಾಲೆ ಸಸಿ ನೆಟ್ಟಾಗ ಅವಳು ತಾನೇ ಕೆಳಗಿಳಿದು ಬಂದು ನನಗೆ ಕೊಡೆ ಹಿಡಿದಳು. ಅವುಗಳಿಗೆ ಕೀಳುವಷ್ಟು ತೊಗಟೆ ಕೂಡಲು ಹತ್ತು ಹದಿನೈದು ವರ್ಷವಾದರೂ ಬೇಕು. ಅಮ್ಮನಿಗೆ ಈಗಲೇ ಎಂಬತ್ತೊಂದು.

ಅವಳು ಮುಖ ಹಿಂಡದೆ ಆ ಕಷಾಯದ ಲೋಟ ಖಾಲಿ ಮಾಡುವುದನ್ನು ಇನ್ನೊಮ್ಮೆ ನೋಡಬೇಕೆಂದು ನನಗೆ ಆಸೆ, ಇನ್ನಿಲ್ಲದ ಆಸೆ. ಈ ಸಲ ಆಟಿಗೆ ಮುಂಚೆಯೇ, ಊರಿನಿಂದ ಬಸ್ಸಿನಲ್ಲಿ ತೊಗಟೆ ತರಿಸುತ್ತೇನೆ ಎಂದೆ.

"ಬೇಡ ಮಗಾ," ಎಂದಳು. "ಅಲ್ಲಿ ಈಗ ಎಷ್ಟು ಮರ ಉಂಟು ಅಂತ ನಿಂಗೆ ಗೊತ್ತುಂಟಾ?"